ಕಿರುಬೆರಳಿನ ಅಪ್ಪಣೆ

ನಮ್ಮ ನಾಡಿನ ಮಗು ಶಾಲೆಗೆ ಸೇರಿ ಅಕ್ಷರ ತಿದ್ದುವುದಕ್ಕೆ ಮೊದಲೇ ಒಂದು ಸಂಜ್ಞೆಯನ್ನು ಕಲಿತುಬಿಡುತ್ತದೆ. ಕಿರುಬೆರಳನ್ನು ಮಾತ್ರ ಎತ್ತಿ ನಿಂತರೆ ‘ಒಂದಕ್ಕೆ’. ಎರಡು ಬೆರಳೆತ್ತಿದರೆ ‘ಎರಡಕ್ಕೆ’. ಮೇಷ್ಟ್ರು ತಲೆಯಾಡಿಸಿದರೆ ಓಟ, ಹುಬ್ಬುಗಂಟಿಕ್ಕಿದರೆ ಮತ್ತೆ ಕೂತುಕೊಳ್ಳುವುದು. ಯಾವ ಪಠ್ಯಪುಸ್ತಕದಲ್ಲಿಯೂ ಈ ಪಾಠವಿಲ್ಲ. ಆದರೂ ಇದನ್ನರಿಯದ ಮಗುವಿಲ್ಲ. ಬಾಯಿಬಿಟ್ಟು ಹೇಳಲು ನಾಚಿಕೆಯಾಗುವ ಮಾತನ್ನು ಮರೆಮಾಡಲೆಂದು ಹುಟ್ಟಿಕೊಂಡ ಉಪಾಯವಿದು ಎನ್ನಬೇಕು. ತಮಾಷೆಯೆಂದರೆ, ಈ ಮರೆಯೇ ಮಗುವಿನ ಹೊಟ್ಟೆಯ ಸಮಾಚಾರವನ್ನು ನಲವತ್ತು ಮಂದಿಯ ಮುಂದೆ ಇನ್ನಷ್ಟು ಖಚಿತವಾಗಿ ಸಾರುತ್ತದೆ. ‘ಹೊರಗೆ ಹೋಗಿಬರುತ್ತೇನೆ’ ಎಂದರೆ ಯಾವುದಕ್ಕೆಂದು ತಿಳಿಯದು. ಬೆರಳು ಲೆಕ್ಕ ಕೊಟ್ಟುಬಿಡುತ್ತದೆ.

ಶಾಲೆಯ ಮಗುವಿಗೆ ಶೌಚಾಲಯ ದೊರೆತದ್ದು ಹೇಗೆ, ಯಾವಾಗ ಎಂಬುದಕ್ಕೆ ಒಂದು ಚರಿತ್ರೆಯಿದೆ. ಆ ಮಗುವಿನ ದೇಹದ ಗುಟ್ಟು ಆ ಮಗುವಿನದೇ ಎಂದು ಲೋಕ ಒಪ್ಪಿಕೊಂಡದ್ದಕ್ಕೂ ಒಂದು ಚರಿತ್ರೆಯಿದೆ. ಇವೆರಡನ್ನೂ ಬೇರೆ ಬೇರೆಯಾಗಿಯೇ ನೋಡುವುದು ವಾಡಿಕೆ. ಆದರೆ ತರಗತಿಯಲ್ಲಿ ಬೆರಳೆತ್ತಿ ನಿಂತ ಮಗುವಿನ ಮಟ್ಟಿಗೆ ಎರಡೂ ಒಂದೇ ಎಂದು ನನಗೆ ತೋರುತ್ತದೆ. ಹೋಗಲು ಜಾಗವಿದ್ದರೆ ಸಾಲದು. ಏಕೆಂದು ಹೇಳದೆ ಹೋಗುವಂತಿರಬೇಕು. ಜಾಗವನ್ನು ನಾವು ತಡವಾಗಿಯಾದರೂ ಕಟ್ಟಿಸಿದೆವು. ಎರಡನೆಯದು ಇನ್ನೂ ಕಾನೂನಿನ ಪುಸ್ತಕದಿಂದ ಶಾಲೆಯ ಅಂಗಳಕ್ಕೆ ಇಳಿದಿಲ್ಲ.

ಕನ್ನಡ ಪಾಠ ಹೇಳಿ ಹೊಟ್ಟೆ ಹೊರೆಯುವವನಿಗೆ ಮೊದಲು ಶಬ್ದಗಳ ಕಡೆಗೆ ಗಮನ ಹೋಗುವುದು ಸಹಜ. ಬಹಿರ್ದೆಸೆ, ಬಯಲುಕಡೆ, ಹೊರಕಡೆ ಎಂಬ ನಮ್ಮ ಹಳೆಯ ಮಾತುಗಳು ಜಾಗವನ್ನು ಹೇಳುವುದಿಲ್ಲ, ದಿಕ್ಕನ್ನು ಹೇಳುತ್ತವೆ. ಆ ದಿಕ್ಕು ಊರಿನ ಹೊರಗಿನದು. ನಾಲ್ಕು ಗೋಡೆಯೊಳಗಿನ ಜಾಗಕ್ಕೆ ಹೆಸರು ಬೇಕಾದಾಗ ಸಾಲ ತರಬೇಕಾಯಿತು. ‘ಕಕ್ಕಸು’ ಡಚ್ಚರ ಬಾಯಿಂದ ತಮಿಳಿಗೆ ಇಳಿದು ನಮ್ಮಲ್ಲಿಗೆ ಬಂತೆಂದು ಭಾಷಾಶಾಸ್ತ್ರ ಬಲ್ಲವರು ಹೇಳುತ್ತಾರೆ. ‘ಪಾಯಖಾನೆ’ ಪಾರಸಿಯದು. ಈಗಿನ ‘ಶೌಚಾಲಯ’ ಸಂಸ್ಕೃತದ ಬಟ್ಟೆಯಲ್ಲಿ ಹೊಲಿಸಿದ ಹೊಸ ಅಂಗಿ. ಮುಟ್ಟಾದ ಹೆಂಗಸನ್ನು ಕುರಿತೂ ‘ಹೊರಗಾಗಿದ್ದಾಳೆ’ ಎಂದೇ ನಮ್ಮ ಮಾತು. ಹೀಗೆ ಎರಡೂ ‘ಹೊರಗಿನ’ ಸಂಗತಿಗಳಾದವು. ಶಾಲೆಯಾದರೋ ಮಗುವನ್ನು ‘ಒಳಗೆ’ ಕೂರಿಸುವ ಏರ್ಪಾಡು. ತೊಡಕು ಹುಟ್ಟಿದ್ದೇ ಇಲ್ಲಿ.

ಹಳೆಯ ಕೂಲಿಮಠಗಳಲ್ಲಿ ಈ ತೊಡಕು ಅಷ್ಟಾಗಿ ಇದ್ದಿರಲಾರದು. ಬಳ್ಳಾರಿಯ ಕಲೆಕ್ಟರನಾಗಿದ್ದ ಎ. ಡಿ. ಕ್ಯಾಂಬೆಲ್ 1823ರಲ್ಲಿ ಮದರಾಸು ಸರಕಾರಕ್ಕೆ ಬರೆದ ವರದಿ ನಮ್ಮ ವಿದ್ಯಾಭ್ಯಾಸದ ಚರಿತ್ರೆಯಲ್ಲಿ ಹೆಸರುವಾಸಿಯಾದದ್ದು. ಅವನ ಜಿಲ್ಲೆಯಲ್ಲಿ ಆಗ 533 ಶಾಲೆಗಳು, 6,641 ಮಕ್ಕಳು; ಅವರಲ್ಲಿ ಹುಡುಗಿಯರು 60 ಮಾತ್ರ. ಬೆಳಗಿನ ಆರಕ್ಕೆ ಶಾಲೆ. ಮೊದಲು ಬಂದವನ ಅಂಗೈಯ ಮೇಲೆ ಸರಸ್ವತಿಯ ಹೆಸರು ಬರೆಯುವರು, ಎರಡನೆಯವನಿಗೆ ಒಂದು ಸೊನ್ನೆ, ಮೂರನೆಯವನಿಂದ ಒಂದೊಂದು ಏಟು ಹೆಚ್ಚು. ಸೋಮಾರಿಯನ್ನು ಕೈಕಟ್ಟಿ ಸೂರಿಗೆ ತೂಗುಹಾಕುತ್ತಿದ್ದುದೂ ಉಂಟಂತೆ. ಇಷ್ಟೆಲ್ಲವನ್ನೂ ಬರೆದ ಆ ಮನುಷ್ಯ, ನಡುವೆ ಹುಡುಗರು ಎಲ್ಲಿಗೆ ಹೋಗುತ್ತಿದ್ದರೆಂಬುದನ್ನು ಕೇಳಲು ಹೋಗಲಿಲ್ಲ. ಕೇಳುವ ಅಗತ್ಯವಾದರೂ ಏನಿತ್ತು? ಶಾಲೆಯೆಂದರೆ ಯಾರದೋ ಮನೆಯ ಜಗಲಿ, ಇಲ್ಲವೆ ಗುಡಿಯ ಪೌಳಿ. ನಾಲ್ಕು ಹೆಜ್ಜೆಗೆ ಬಯಲು, ಎಂಟು ಹೆಜ್ಜೆಗೆ ಮನೆ. ಆ 60 ಹುಡುಗಿಯರ ಪಾಡೇನಾಗಿತ್ತೋ, ಅದನ್ನು ಬರೆದಿಡುವವರು ಯಾರೂ ಇರಲಿಲ್ಲ.

ಮುಂದೆ ಸರಕಾರದ ಶಾಲೆಗಳು ಬಂದವು. ಶಾಸನಗಳ ಸಂಪಾದಕನೆಂದೇ ನಾವೆಲ್ಲ ನೆನೆಯುವ ಬಿ. ಎಲ್. ರೈಸ್ ಮೈಸೂರು ಸೀಮೆಯ ವಿದ್ಯಾಭ್ಯಾಸ ಇಲಾಖೆಯಲ್ಲಿದ್ದಾಗ, 1868ರಲ್ಲಿ, ಹೋಬಳಿಗೊಂದು ಶಾಲೆಯಾಗಬೇಕೆಂಬ ಯೋಜನೆಯನ್ನು ಮುಂದಿಟ್ಟನು. (ಕಲ್ಲಿನ ಮೇಲಿನ ಅಕ್ಷರಗಳಿಗಿಂತ ಹಲಗೆಯ ಮೇಲಿನ ಅಕ್ಷರಗಳಿಗೆ ಅವನು ಮಾಡಿದ ಉಪಕಾರ ಚಿಕ್ಕದಲ್ಲ, ನಾವು ಅದನ್ನು ಮರೆತಿದ್ದೇವೆ.) ಕಟ್ಟಡ ಬಂತು, ಗಂಟೆ ಬಂತು, ವೇಳಾಪಟ್ಟಿ ಬಂತು. ಇಂಥ ಹೊತ್ತಿಗೆ ಲೆಕ್ಕ, ಇಂಥ ಹೊತ್ತಿಗೆ ಕಾಗುಣಿತ ಎಂದಾಯಿತು. ದೇಹದ ಅಗತ್ಯಕ್ಕೂ ಒಂದು ಹೊತ್ತು ಗೊತ್ತಾಯಿತು. ಅದರ ಹೆಸರು ‘ವಿರಾಮ’. ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲಿ, 1913ರಲ್ಲಿ, ಮೈಸೂರಿನಲ್ಲಿ ಪ್ರಾಥಮಿಕ ವಿದ್ಯಾಭ್ಯಾಸದ ಕಾಯಿದೆಯಾಗಿ, ಕಡ್ಡಾಯ ಶಿಕ್ಷಣಕ್ಕೆ ದಾರಿಯಾಯಿತು.

ಇದೊಂದು ದೊಡ್ಡ ತಿರುವು. ಬಾ ಎಂದು ಕರೆಯುವುದು ಬೇರೆ, ಬರಲೇಬೇಕು ಎಂದು ಕಟ್ಟಳೆ ಮಾಡುವುದು ಬೇರೆ. ಮಗುವನ್ನು ಇಷ್ಟು ಗಂಟೆ ಇಲ್ಲಿಯೇ ಕೂತಿರು ಎಂದು ಆಜ್ಞೆ ಮಾಡಿದ ಸರಕಾರ, ಆ ಹೊತ್ತಿನಲ್ಲಿ ಮಗುವಿನ ದೇಹಕ್ಕೆ ಬೇಕಾದುದಕ್ಕೂ ಹೊಣೆಯಾಗಬೇಕಾಗುತ್ತದೆ. ಇಂಗ್ಲೆಂಡಿನಲ್ಲಿ ಈ ಹೊಣೆ ಮೊದಲು ಕಟ್ಟಡದ ರೂಪದಲ್ಲಿ ಬಂತು. 1870ರ ಕಾನೂನಿನ ಮೇಲೆ ಲಂಡನ್ನಿನಲ್ಲಿ ಸಾಲುಸಾಲಾಗಿ ಶಾಲೆಗಳು ಎದ್ದಾಗ, ಅವುಗಳ ಶಿಲ್ಪಿ ಇ. ಆರ್. ರಾಬ್ಸನ್ 1874ರಲ್ಲಿ ಶಾಲಾ ಕಟ್ಟಡಗಳನ್ನು ಕುರಿತು ದೊಡ್ಡ ಗ್ರಂಥವನ್ನೇ ಬರೆದ. ಆ ಕಾಲದ ಶಾಲೆಯ ನಕ್ಷೆಗಳಲ್ಲಿ ಅಂಗಳದ ಮೂಲೆಯ ಕಕ್ಕಸುಗಳಿಗೆ ಕೊಟ್ಟಿದ್ದ ಮರ್ಯಾದೆಯ ಹೆಸರು ‘ಆಫೀಸು’! ನಾಚಿಕೆ ನಮ್ಮೊಬ್ಬರದೇ ಸೊತ್ತಲ್ಲವೆಂದು ಇದರಿಂದ ಸಮಾಧಾನಪಟ್ಟುಕೊಳ್ಳಬಹುದು.

ಎರಡನೆಯ ಹೊಣೆ ವೈದ್ಯರ ರೂಪದಲ್ಲಿ ಬಂತು. ಅದರ ಮೂಲ ಮಾತ್ರ ಅಷ್ಟು ಕೋಮಲವಾದದ್ದಲ್ಲ. 1899ರಿಂದ 1902ರವರೆಗೆ ನಡೆದ ಬೋಯರ್ ಯುದ್ಧಕ್ಕೆ ಸೇರಲು ಬಂದ ತರುಣರಲ್ಲಿ ಬಹುಮಂದಿ ದೈಹಿಕವಾಗಿ ಅಸಮರ್ಥರೆಂದು ಹಿಂದಕ್ಕೆ ಹೋಗಬೇಕಾಯಿತು. ಸರಕಾರ ಬೆಚ್ಚಿತು. 1904ರಲ್ಲಿ ಒಂದು ಸಮಿತಿಯ ವರದಿ, 1907ರಲ್ಲಿ ಶಾಸನ; ಅಲ್ಲಿಂದ ಶಾಲೆಯ ಮಕ್ಕಳ ವೈದ್ಯ ತಪಾಸಣೆ ಕಡ್ಡಾಯವಾಯಿತು. ಮಗುವಿನ ಹಲ್ಲು, ಕಣ್ಣು, ಎದೆಗಳನ್ನು ಸರಕಾರ ನೋಡಿದ್ದು ಮುಂದಿನ ಸಿಪಾಯಿಯನ್ನು ನೋಡುವ ಕಣ್ಣಿನಿಂದ. ಅದರಿಂದ ಮಕ್ಕಳಿಗೆ ಆದ ಲಾಭವೂ ದೊಡ್ಡದೆನ್ನಿ. ಆ ಗಾಳಿ ನಮ್ಮ ದೇಶಕ್ಕೂ ಬೇಗ ಬೀಸಿತು. 1906ರಲ್ಲಿ ತಮ್ಮ ಸಂಸ್ಥಾನದಲ್ಲೆಲ್ಲ ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯ ಮಾಡಿದ ಸಯಾಜಿರಾವ್ ಗಾಯಕವಾಡರ ಬರೋಡ ನಗರದಲ್ಲಿ, 1909ರಲ್ಲಿ, ಭಾರತದಲ್ಲಿ ಮೊತ್ತಮೊದಲು ಶಾಲೆಯ ಮಕ್ಕಳ ವೈದ್ಯಪರೀಕ್ಷೆ ನಡೆಯಿತು.

ಈ ತಪಾಸಣೆಯ ರೀತಿಯನ್ನು ಓದುಗರಲ್ಲಿ ಅನೇಕರು ಬಲ್ಲರು. ನಾನು ಪ್ರಾಥಮಿಕ ಶಾಲೆಯಲ್ಲಿದ್ದಾಗ ಡಾಕ್ಟರು ಬಂದರೆಂದರೆ ಪಡಸಾಲೆಯಲ್ಲಿ ಸಾಲು ನಿಲ್ಲಿಸುತ್ತಿದ್ದರು. ಡಾಕ್ಟರು ನೋಡಿ ಗಟ್ಟಿಯಾಗಿ ಹೇಳುವುದು, ಮೇಷ್ಟ್ರು ಬರೆದುಕೊಳ್ಳುವುದು. ಹುಳುಕಡ್ಡಿ ಎಂದು ಹೇಳಿಸಿಕೊಂಡ ನನ್ನ ಸಹಪಾಠಿಯೊಬ್ಬನಿಗೆ ಎಸ್. ಎಸ್. ಎಲ್. ಸಿ. ಮುಗಿಯುವವರೆಗೆ ಅದೇ ಹೆಸರಾಯಿತು. ಮುಲಾಮಿಗೆ ಹುಳುಕಡ್ಡಿ ಹದಿನೈದು ದಿನದಲ್ಲಿ ಹೋಗಿತ್ತು. ಡಾಕ್ಟರದಾಗಲಿ ಮೇಷ್ಟ್ರದಾಗಲಿ ಮನಸ್ಸು ಕೆಟ್ಟದಾಗಿರಲಿಲ್ಲ. ಮಗುವಿಗೂ ಒಂದು ಗುಟ್ಟಿರುತ್ತದೆಂಬ ಭಾವನೆ ಆ ಪಡಸಾಲೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ, ಅಷ್ಟೆ.

1946ರಲ್ಲಿ ವರದಿ ಕೊಟ್ಟ ಭೋರ್ ಸಮಿತಿ, ಶಾಲಾ ಆರೋಗ್ಯಸೇವೆ ಈ ದೇಶದಲ್ಲಿ ಹೆಚ್ಚುಕಡಿಮೆ ಇಲ್ಲವೇ ಇಲ್ಲವೆಂದು ಹೇಳಿತು. 1960ರಲ್ಲಿ ಶ್ರೀಮತಿ ರೇಣುಕಾ ರಾಯ್ ಅವರ ಅಧ್ಯಕ್ಷತೆಯಲ್ಲಿ ಇನ್ನೊಂದು ಸಮಿತಿ ಕೂತು, ಮರುವರ್ಷ ವರದಿ ಕೊಟ್ಟಿತು. ವೈದ್ಯವಿದ್ಯಾರ್ಥಿಗಳು ಓದುವ ಸಮುದಾಯ ಆರೋಗ್ಯದ ಪುಸ್ತಕಗಳಲ್ಲಿ ಶಾಲೆಗೊಂದು ಪ್ರಮಾಣ ಕೊಟ್ಟಿರುತ್ತಾರೆ: 60 ಮಕ್ಕಳಿಗೆ ಒಂದು ಮೂತ್ರಿ, 100 ಮಕ್ಕಳಿಗೆ ಒಂದು ಕಕ್ಕಸು. ಹತ್ತು ನಿಮಿಷದ ವಿರಾಮವೆಂದಿಟ್ಟುಕೊಂಡರೆ ಒಂದೊಂದು ಮಗುವಿನ ಪಾಲಿಗೆ ಬರುವುದು ಹತ್ತು ಸೆಕೆಂಡು. ಲಂಗ, ಲಾಡಿ, ಗುಂಡಿಗಳ ಲೆಕ್ಕ ಇದರಲ್ಲಿ ಸೇರಿಲ್ಲ. ಇದು ಆದರ್ಶದ ಪ್ರಮಾಣ. ಇಷ್ಟೂ ಇಲ್ಲದ ಶಾಲೆಗಳೇ ದೇಶದ ತುಂಬ ಇದ್ದವು.

1987ರಲ್ಲಿ ಆರಂಭವಾದ ‘ಕಪ್ಪುಹಲಗೆ ಕಾರ್ಯಾಚರಣೆ’ಯ ಹೆಸರನ್ನು ಕೇಳಿದವರಿಗೆ ಹಲಗೆ ನೆನಪಿದೆ. ಆ ಯೋಜನೆಯಲ್ಲಿ ಎರಡು ಕೋಣೆ, ಇಬ್ಬರು ಉಪಾಧ್ಯಾಯರ ಜೊತೆಗೆ ಹುಡುಗರಿಗೂ ಹುಡುಗಿಯರಿಗೂ ಬೇರೆ ಬೇರೆ ಶೌಚಾಲಯ ಇರಬೇಕೆಂದೂ ಇತ್ತೆಂಬುದು ಯಾರಿಗೂ ನೆನಪಿಲ್ಲ. 2009ರಲ್ಲಿ ಶಿಕ್ಷಣ ಹಕ್ಕಿನ ಕಾಯಿದೆಯ ಅನುಸೂಚಿಯಲ್ಲಿ ಅದೇ ಮಾತು ಮತ್ತೆ ಬಂತು, ಈ ಸಲ ಕಾನೂನಿನ ಬಲದೊಡನೆ. 2012ರ ಅಕ್ಟೋಬರ್ 3ರಂದು ಸರ್ವೋಚ್ಚ ನ್ಯಾಯಾಲಯ, ಎಲ್ಲ ರಾಜ್ಯಗಳೂ ಆರು ತಿಂಗಳೊಳಗಾಗಿ ಶಾಲೆಗಳಲ್ಲಿ ಶೌಚಾಲಯ ಒದಗಿಸಬೇಕೆಂದು ಆಜ್ಞೆ ಮಾಡಿತು. 2014ರ ಸ್ವಾತಂತ್ರ್ಯ ದಿನದಂದು ಪ್ರಧಾನಿಗಳು ಕೆಂಪುಕೋಟೆಯಿಂದ ಇದೇ ಮಾತನ್ನಾಡಿ ಒಂದು ವರ್ಷದ ಗಡುವನ್ನಿಟ್ಟರು. ಮರುವರ್ಷ 4.17 ಲಕ್ಷ ಶೌಚಾಲಯಗಳಾದವೆಂದು ಸರಕಾರ ಹೇಳಿತು. ಸಾರ್ವಜನಿಕ ಉದ್ದಿಮೆಗಳು ಕಟ್ಟಿಸಿದವುಗಳಲ್ಲಿ 2,695ನ್ನು ಆರಿಸಿಕೊಂಡು ಮಹಾಲೆಕ್ಕಪರಿಶೋಧಕರು ಹೋಗಿ ನೋಡಿದಾಗ, 83ನ್ನು ಕಟ್ಟಿಸಿರಲೇ ಇಲ್ಲ. ಇನ್ನು 200, ಕಟ್ಟಿಸಿದ್ದಾಗಿದೆಯೆಂದು ಕಾಗದದಲ್ಲಿದ್ದರೂ ಸ್ಥಳದಲ್ಲಿರಲಿಲ್ಲ. ಇದ್ದವುಗಳಲ್ಲಿ ನೂರಕ್ಕೆ 72ರಲ್ಲಿ ಒಳಗೆ ನೀರು ಬರುತ್ತಿರಲಿಲ್ಲ. ಆದರೂ ಪ್ರಗತಿಯಾಗಲಿಲ್ಲವೆನ್ನುವಂತಿಲ್ಲ. ಗ್ರಾಮಾಂತರ ಶಾಲೆಗಳನ್ನು ನೋಡಿ ಬರೆಯುವ ‘ಅಸರ್’ ವರದಿಯ ಪ್ರಕಾರ, ಹುಡುಗಿಯರು ಬಳಸುವ ಸ್ಥಿತಿಯಲ್ಲಿರುವ ಶೌಚಾಲಯ 2010ರಲ್ಲಿ ನೂರಕ್ಕೆ 33 ಶಾಲೆಗಳಲ್ಲಿತ್ತು, 2024ರಲ್ಲಿ 72ರಲ್ಲಿದೆ. ಉಳಿದ 28 ಶಾಲೆಗಳ ಹುಡುಗಿಯರು ಎಲ್ಲಿಗೆ ಹೋಗುತ್ತಾರೆಂಬ ಪ್ರಶ್ನೆಗೆ ಕ್ಯಾಂಬೆಲನ ಕಾಲದ ಉತ್ತರವೇ ಉತ್ತರ. ಒಂದೇ ವ್ಯತ್ಯಾಸವೆಂದರೆ, ಆ ಬಯಲು ಈಗ ನಿವೇಶನವಾಗಿ ಮಾರಾಟವಾಗಿಹೋಗಿದೆ.

ಕಟ್ಟಿದ್ದನ್ನು ತೊಳೆಯುವವರು ಯಾರು ಎಂಬ ಪ್ರಶ್ನೆಯನ್ನು ಈ ಯೋಜನೆಗಳು ಬಹುಕಾಲ ಕೇಳಿಕೊಳ್ಳಲೇ ಇಲ್ಲ. ನಮ್ಮ ಸಮಾಜ ಅದಕ್ಕೆ ಉತ್ತರವನ್ನು ಜಾತಿಯಲ್ಲಿ ಮೊದಲೇ ಬರೆದಿಟ್ಟಿತ್ತು. ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಮ್ಮ ರಾಜ್ಯದಲ್ಲಿ 1970ರ ದಶಕದ ಮೊದಲ ವರ್ಷಗಳಲ್ಲಿ ನಿಷೇಧಿಸಿದವರು ದೇವರಾಜ ಅರಸರ ಸಂಪುಟದಲ್ಲಿದ್ದ ಬಿ. ಬಸವಲಿಂಗಪ್ಪನವರು. ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆಯೆಂದು 1973ರಲ್ಲಿ ಹೇಳಿ ಮಂತ್ರಿಪದವಿ ಕಳೆದುಕೊಂಡವರೂ ಅವರೇ. ಆ ಮಾತಿಗಾಗಿ ಬೀದಿಗಿಳಿದ ನಾವು ಈ ಕೆಲಸಕ್ಕಾಗಿ ಅವರಿಗೆ ಎಷ್ಟು ಸಲ ಕೈಮುಗಿದಿದ್ದೇವೆ? ಅರ್ಧ ಶತಮಾನ ಕಳೆದ ಮೇಲೆ, 2023ರ ಡಿಸೆಂಬರಿನಲ್ಲಿ, ಕೋಲಾರ ಜಿಲ್ಲೆಯ ವಸತಿಶಾಲೆಯೊಂದರಲ್ಲಿ ಮಕ್ಕಳನ್ನೇ ಮಲದ ಗುಂಡಿಗೆ ಇಳಿಸಿ ಶುಚಿ ಮಾಡಿಸಿದ ಸುದ್ದಿ ಬಂತು. ಕಾನೂನು ಬಾಗಿಲವರೆಗೆ ಬಂದು ನಿಲ್ಲುವುದೆಂದರೆ ಇದೇ.

ಈಗ ಮತ್ತೆ ಕಿರುಬೆರಳಿಗೆ ಬರೋಣ. ಶೌಚಾಲಯವಿದೆ, ನೀರೂ ಇದೆ ಎಂದಿಟ್ಟುಕೊಳ್ಳಿ. ಅಪ್ಪಣೆ ಬೇಕಷ್ಟೆ? ನಮ್ಮ ಕಾಲೇಜಿನಲ್ಲಿ ಮೊದಲ ವರ್ಷದ ಮಕ್ಕಳಿಗೆ ‘ನಾನು ಓದಿದ ಪ್ರೌಢಶಾಲೆ’ ಎಂಬ ಪ್ರಬಂಧ ಬರೆಯಲು ಹೇಳಿದ್ದೆ, ಹೆಸರು ಹಾಕುವುದು ಬೇಡವೆಂದು. ಏಳೆಂಟು ಹುಡುಗಿಯರು, ಒಬ್ಬರನ್ನೊಬ್ಬರು ಕೇಳದೆ, ಒಂದೇ ಸಂಗತಿಯನ್ನು ಬರೆದಿದ್ದರು: ಬೆಳಿಗ್ಗೆ ಮನೆ ಬಿಟ್ಟಮೇಲೆ ಸಂಜೆ ಮನೆಗೆ ಬರುವವರೆಗೆ ತಾವು ನೀರು ಕುಡಿಯುತ್ತಿರಲಿಲ್ಲವೆಂದು. ಮೂತ್ರ ತಡೆದರೆ ಸೋಂಕು, ಮಲ ತಡೆದರೆ ಮಲಬದ್ಧತೆ. ಇದನ್ನು ಹೇಳಲು ವೈದ್ಯರೇ ಬೇಕಾಗಿಲ್ಲ. ಒಬ್ಬಳು ಬರೆದಿದ್ದಳು: ‘ಕೇಳಿದರೆ ಸರ್ ಯಾಕೆ ಅಂತ ಕೇಳುತ್ತಿದ್ದರು. ಹುಡುಗರು ನಗುತ್ತಿದ್ದರು. ಆ ನಾಲ್ಕು ದಿನ ಶಾಲೆಗೇ ಹೋಗುತ್ತಿರಲಿಲ್ಲ.’ ಆ ‘ಯಾಕೆ’ ಎಂಬ ಎರಡಕ್ಷರವೇ ಆಕೆಯಿಂದ ತಿಂಗಳಿಗೆ ನಾಲ್ಕು ದಿನದ ಪಾಠವನ್ನು ಕಸಿದುಕೊಂಡದ್ದು. ಈ ಶತಮಾನದ ಆರಂಭದಲ್ಲಿ ನಮ್ಮ ದೇಶದ ಶಾಲೆಗಳಿಗೆ ಬಂದ ಶೌಚಾಲಯಗಳನ್ನು ಕುರಿತು ಅಂಜಲಿ ಅಡುಕಿಯಾ ಎಂಬ ವಿದ್ವಾಂಸರು 2017ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಚಿಕ್ಕ ಮಕ್ಕಳ ದಾಖಲಾತಿ ಯಾವ ಶೌಚಾಲಯ ಬಂದರೂ ಏರಿತು. ಮೈನೆರೆಯುವ ವಯಸ್ಸಿನ ಹುಡುಗಿಯರದು ಮಾತ್ರ ಅವರಿಗೆಂದೇ ಪ್ರತ್ಯೇಕವಾದದ್ದು ಬಂದಾಗ ಏರಿತು. ಅವರಿಗೆ ಬೇಕಾದದ್ದು ಗುಂಡಿಯಷ್ಟೇ ಅಲ್ಲ, ಮರೆ.

2019ರ ನವೆಂಬರಿನಲ್ಲಿ ಕೇರಳವನ್ನು ನೋಡಿ ನಮ್ಮ ಸರಕಾರವೂ ಶಾಲೆಗಳಲ್ಲಿ ‘ನೀರಿನ ಗಂಟೆ’ ಬಾರಿಸಲು ಆಜ್ಞೆ ಮಾಡಿತು. ಗಂಟೆಯಾದಾಗ ಮಕ್ಕಳೆಲ್ಲ ನೀರು ಕುಡಿಯಬೇಕು. ಒಳ್ಳೆಯ ಆಜ್ಞೆ. ಕುಡಿದ ನೀರಿನ ಮುಂದಿನ ಪ್ರಯಾಣಕ್ಕೂ ಒಂದು ಗಂಟೆ ಬೇಕಾದೀತೆಂದು ಮಾತ್ರ ಕಡತ ಬರೆದವರಿಗೆ ತೋಚಲಿಲ್ಲ.

ಕಾಯಿಲೆಯ ಮಕ್ಕಳ ವಿಚಾರ ಇನ್ನೂ ಸೂಕ್ಷ್ಮ. ಸಿಹಿಮೂತ್ರ ರೋಗದ ಮಗುವಿಗೆ ಮೇಲಿಂದ ಮೇಲೆ ಹೋಗಬೇಕಾಗುತ್ತದೆ; ತರಗತಿಯಲ್ಲಿಯೇ ರಕ್ತ ಪರೀಕ್ಷಿಸಿಕೊಳ್ಳಬೇಕು, ಇನ್ಸುಲಿನ್ ಚುಚ್ಚಿಕೊಳ್ಳಬೇಕು. ಇದಕ್ಕೆಲ್ಲ ಅವಕಾಶ ಕೊಡಬೇಕೆಂದು ಮಕ್ಕಳ ಹಕ್ಕುಗಳ ರಾಷ್ಟ್ರೀಯ ಆಯೋಗ 2023ರಲ್ಲಿ ಶಿಕ್ಷಣ ಮಂಡಳಿಗಳಿಗೆ ಬರೆಯಿತು. ಆದರೆ ವಿನಾಯಿತಿ ಪಡೆಯಬೇಕಾದರೆ ರೋಗವನ್ನು ಹೇಳಬೇಕು. ಒಬ್ಬರಿಗೆ ಹೇಳಿದ್ದು ಶಾಲೆಗೆಲ್ಲ ತಿಳಿಯುತ್ತದೆ. ತಿಳಿದರೆ ಏನಾಗುತ್ತದೆಂಬುದಕ್ಕೆ ನಿದರ್ಶನ ಹತ್ತಿರದಲ್ಲಿಯೇ ಇದೆ. 2003ರಲ್ಲಿ ಕೇರಳದಲ್ಲಿ ಎಚ್. ಐ. ವಿ. ಇದ್ದ ಒಡಹುಟ್ಟಿದ ಇಬ್ಬರು ಪುಟ್ಟ ಮಕ್ಕಳಿಗೆ ಶಾಲೆಯ ಬಾಗಿಲು ಮುಚ್ಚಿತು. ಉಳಿದ ತಂದೆತಾಯಿಗಳೇ ತಮ್ಮ ಮಕ್ಕಳನ್ನು ಬಿಡಿಸಿಕೊಂಡು ಹೋಗತೊಡಗಿದ್ದರು. ಈ ರೋಗದ ವಿಷಯವನ್ನು ಹೊರಗೆಡಹುವಂತೆ ಯಾರನ್ನೂ ಬಲಾತ್ಕರಿಸಬಾರದು, ಅದಕ್ಕಾಗಿ ಶಾಲೆಯಲ್ಲಿ ಭೇದ ಮಾಡಬಾರದು ಎಂಬ ಕಾನೂನು ಬರಲು 2017 ಆಗಬೇಕಾಯಿತು. ಅದೇ ವರ್ಷ ಆಗಸ್ಟ್ 24ರಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಾಧೀಶರು ಒಮ್ಮತದಿಂದ, ಖಾಸಗಿತನ ಪ್ರಜೆಯ ಮೂಲಭೂತ ಹಕ್ಕು ಎಂದು ತೀರ್ಪಿತ್ತರು. ಆ ಮೊಕದ್ದಮೆಯನ್ನು ಹೂಡಿದವರು ನಮ್ಮ ಉಚ್ಚ ನ್ಯಾಯಾಲಯದಿಂದ ನಿವೃತ್ತರಾದ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. ಆಧಾರ್ ಚೀಟಿಯ ವಿಷಯವಾಗಿ ಅವರು ನ್ಯಾಯಾಲಯದ ಮೆಟ್ಟಿಲೇರಿದಾಗ ಅವರ ವಯಸ್ಸು ಎಂಬತ್ತನ್ನು ಮೀರಿತ್ತು. ಆ ಹಕ್ಕು ಎರಡನೆಯ ತರಗತಿಯ ಮಗುವಿನದೂ ಹೌದೆಂಬುದನ್ನು ಎಷ್ಟು ಮಂದಿ ಮುಖ್ಯೋಪಾಧ್ಯಾಯರು ಬಲ್ಲರು?

ಬಲ್ಲದಿರುವುದರ ಫಲ ಭಯಂಕರವಾಗಿರಬಲ್ಲುದು. 2025ರ ಜುಲೈಯಲ್ಲಿ ಮಹಾರಾಷ್ಟ್ರದ ಠಾಣೆ ಜಿಲ್ಲೆಯ ಒಂದು ಶಾಲೆಯಲ್ಲಿ ಶೌಚಾಲಯದ ನೆಲದ ಮೇಲೆ ರಕ್ತದ ಕಲೆ ಕಂಡಿತು. ಯಾರು ಮುಟ್ಟಾಗಿದ್ದಾರೆಂದು ಹುಡುಗಿಯರನ್ನು ವಿಚಾರಿಸಿ, ಬಟ್ಟೆ ಬಿಚ್ಚಿಸಿ ಪರೀಕ್ಷಿಸಿದರು. ಮುಖ್ಯೋಪಾಧ್ಯಾಯಿನಿಯ ಬಂಧನವಾಯಿತು. ಇದರಲ್ಲಿ ಶೌಚಾಲಯವಿತ್ತು, ಕಟ್ಟಡವೂ ಸರಿಯಾಗಿತ್ತು; ಹುಡುಗಿಯರ ದೇಹ ಮಾತ್ರ ಶಾಲೆಯದೆಂದು ಯಾರೋ ತಿಳಿದಿದ್ದರು.

ಹಿಂದುಳಿದವರು ನಾವು ಮಾತ್ರ ಎಂದು ಯಾರೂ ಭಾವಿಸಬೇಕಾಗಿಲ್ಲ. ರಾಬ್ಸನ್ನನ ಗ್ರಂಥಕ್ಕೆ ಒಂದೂವರೆ ಶತಮಾನವಾಗುವ ಹೊತ್ತಿಗೆ, 2023ರ ಫೆಬ್ರುವರಿಯಲ್ಲಿ, ಇಂಗ್ಲೆಂಡಿನ ಹಲವು ಪ್ರೌಢಶಾಲೆಗಳ ಮಕ್ಕಳು ಪಾಠ ಬಿಟ್ಟು ಅಂಗಳಕ್ಕಿಳಿದು ಕೂಗಿದರು. ಪಾಠದ ಹೊತ್ತಿನಲ್ಲಿ ಶೌಚಾಲಯಗಳಿಗೆ ಹೋಗಗೊಡದ ನಿಯಮ ಅವರಿಗೆ ಸಾಕಾಗಿತ್ತು.

ಉಪಾಧ್ಯಾಯರ ಕಷ್ಟವೂ ಸುಳ್ಳಲ್ಲ. ಅರುವತ್ತು ಮಕ್ಕಳ ತರಗತಿಯಲ್ಲಿ ಒಬ್ಬನಿಗೆ ಬಿಟ್ಟರೆ ಹತ್ತು ಬೆರಳು ಏಳುತ್ತವೆ. ಹೋದವನು ಬೀಡಿ ಸೇದುತ್ತಾನೋ, ಗೋಡೆ ಹಾರುತ್ತಾನೋ. ಅನಾಹುತವಾದರೆ ಹೊಣೆ ಮೇಷ್ಟ್ರದು. ಶಿಕ್ಷಣ ಹಕ್ಕಿನ ಕಾಯಿದೆಯ 17ನೆಯ ಕಲಮು ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ; ಹೊಟ್ಟೆ ಹಿಡಿದುಕೊಂಡು ಕೂತ ಮಗುವನ್ನು ಹೊರಗೆ ಬಿಡದಿರುವುದು ಇವೆರಡೂ ಹೌದೆಂದು ನನ್ನ ಅಭಿಪ್ರಾಯ. ಆದರೆ ಕಲಮಿನಿಂದ ತರಗತಿ ನಡೆಯುವುದಿಲ್ಲವೆಂದು ಸ್ನೇಹಿತರಾದ ಹೈಸ್ಕೂಲು ಉಪಾಧ್ಯಾಯಿನಿಯೊಬ್ಬರು ನಕ್ಕರು. ಅವರು ತಮ್ಮ ತರಗತಿಯ ಬಾಗಿಲ ಬಳಿ ಒಂದು ಮೊಳೆ ಹೊಡೆಸಿ, ಅದಕ್ಕೆ ಅಂಗೈ ಅಗಲದ ಎರಡು ಹಲಗೆಗಳನ್ನು ತೂಗುಹಾಕಿದ್ದಾರೆ. ಹೋಗಬೇಕಾದವರು ಒಂದನ್ನು ಕೊರಳಿಗೆ ಹಾಕಿಕೊಂಡು ಹೋಗಿ, ಬಂದು ಮತ್ತೆ ಮೊಳೆಗೆ ಹಾಕಬೇಕು. ಬೆರಳಿಲ್ಲ, ಪ್ರಶ್ನೆಯಿಲ್ಲ, ಎರಡಕ್ಕಿಂತ ಹೆಚ್ಚು ಜನ ಹೊರಗಿಲ್ಲ. ಮೊದಲ ವಾರವೆಲ್ಲ ಹಲಗೆಗಳು ಮೊಳೆಯ ಮೇಲೆ ನಿಲ್ಲಲೇ ಇಲ್ಲವಂತೆ. ಸ್ಟಾಫ್ ರೂಮಿನಲ್ಲಿ ಅವರನ್ನು ಕಂಡು ಎಲ್ಲರೂ ನಗುತ್ತಿದ್ದರಂತೆ. ಎರಡನೆಯ ತಿಂಗಳ ಹೊತ್ತಿಗೆ ಹಲಗೆಗಳು ಹೆಚ್ಚಿನ ಹೊತ್ತು ಮೊಳೆಯಲ್ಲಿಯೇ ತೂಗುತ್ತಿದ್ದವು. ಈಚೆಗೆ ಕಂಡಾಗ, ಹುಡುಗಿಯರ ನೀರಿನ ಬಾಟಲಿಗಳು ಮಧ್ಯಾಹ್ನಕ್ಕೇ ಖಾಲಿಯಾಗುತ್ತಿವೆಯೆಂದೂ, ಕುಡಿಯುವ ನೀರಿನ ತೊಟ್ಟಿ ಸಾಲದೆ ಇನ್ನೊಂದಕ್ಕೆ ಇಲಾಖೆಗೆ ಅರ್ಜಿ ಬರೆದಿದ್ದೇನೆಂದೂ ಹೇಳಿದರು.